ಐದು ಕಲ್ಲು ನಡುವೆ ಇಟ್ಟು ಹುಲ್ಲು ಕೊಯ್ದದ್ದು

ಮೊದಲು ಸಿಹಿ ಸುದ್ದಿ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ರಾಯಚೂರಿನ ದವಾಖಾನೆಯಲ್ಲಿ, ಬೆಳಗಿನ ಹೊತ್ತು, ತಲೆ ತುಂಬ ಕೂದಲು ಹೊತ್ತುಕೊಂಡು, ಓಣಿಗೆಲ್ಲ ಕೇಳುವ ಹಾಗೆ ಕಿರುಚುತ್ತ ಬಂದಿದ್ದಾಳೆ. ನರ್ಸಮ್ಮ ಹೊರಗೆ ಬಂದು ಸಣ್ಣ ದನಿಯಲ್ಲಿ "ಹೆಣ್ಣು" ಎಂದಳು, ನಾನೆಲ್ಲಿ ಮುಖ ಹುಳ್ಳಗೆ ಮಾಡಿಕೊಳ್ಳುತ್ತೇನೋ ಎಂದು. ನಾನು ಅವಳ ಬಾಯಿಗೆ ಒಂದು ಹಿಡಿ ಸಕ್ಕರೆ ಸುರುವಿದೆ. ಕಂಡಕಂಡವರಿಗೆ ಹೇಳಿದೆ. ಗೇಟಿನ ಹತ್ತಿರದ ಚಹಾದವನಿಗೆ ಎರಡನೇ ಸಲ ಹೇಳಿದಾಗ ಅವನು, "ಆಗಳೇ ಹೇಳಿದ್ರಲ್ಲ ಯವ್ವಾ" ಎಂದ. "ಹೇಳಿದ್ರೇನಾತು, ಇನ್ನೊಮ್ಮಿ ಕೇಳು. ನಿನ್ನ ಕಿವಿ ಏನು ಸವೀತದ?" ಎಂದೆ.

ಇಷ್ಟು ಸಂತೋಷದಲ್ಲಿರುವ ಮುದುಕಿ ಮುಂದೆ ಹೇಸಿಗೆಯ ಮಾತನ್ನೇ ಬರೆಯುತ್ತಾಳಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಈ ಕೂಸು ಬರುವ ಮುಂಚೆ ಸುಮಾರು ದಿನ ನನಗೆ ಊಟವೇ ಸೇರುತ್ತಿರಲಿಲ್ಲ. ಅದಕ್ಕೆ ಕಾರಣ ಹುಲ್ಲು. ಹುಲ್ಲು ಎಂದರೂ ತಪ್ಪು, ಹುಲ್ಲು ಕೊಯ್ಯುವ ಯಂತ್ರ. ಓದು ನನಗೆ ಅಷ್ಟಕ್ಕಷ್ಟೆ. ತಪ್ಪಿದ ಅಕ್ಷರ ತಿದ್ದಿಕೊಂಡು ಓದಿ.

ದೇವದುರ್ಗದಾಚೆ ಕಲ್ಲುಮರಡಿ ಗುಡ್ಡದ ಬುಡದಲ್ಲಿ ಒಂದು ದೊಡ್ಡ ಹುಲ್ಲುಗಾವಲಿದೆ. ಚಿಗರಿಗಳಿಗೆಂದು, ಅಂದರೆ ಕೃಷ್ಣಮೃಗಗಳಿಗೆಂದು, ಅರಣ್ಯ ಇಲಾಖೆಯವರು ಬಿಟ್ಟ ಜಾಗ. ದನ ಬಿಡುವಂತಿಲ್ಲ, ಕುರಿ ಬಿಡುವಂತಿಲ್ಲ. ಹಾಗೆ ಬಿಟ್ಟೂ ಬಿಟ್ಟೂ ಕರಡದ ಹುಲ್ಲು ಎದೆಯುದ್ದ ಬೆಳೆದಿತ್ತು. ಹಳೆಯದು ಬಿದ್ದು ಕೊಳೆತು, ಅದರ ಮೇಲೆ ಹೊಸದು ಎದ್ದು, ಕೆಳಗೆ ಚಾಪೆ ಹಾಸಿದ ಹಾಗೆ ದಪ್ಪಗಾಗಿತ್ತು. ಕಾಲಿಟ್ಟರೆ ಸೀರೆಯ ತುಂಬ ಊಬು, ಹುಲ್ಲಿನ ತೆನೆಯ ಮುಳ್ಳು, ಚುಚ್ಚಿಕೊಳ್ಳುತ್ತಿತ್ತು. ಚಿಗರಿಗೆ ಕಣ್ಣಿಗೆ ಬಯಲು ಕಾಣಬೇಕು, ದೂರದ ತೋಳ ಕಾಣಬೇಕು. ಕಾಣದಿದ್ದರೆ ಅದು ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅವು ಊರವರ ತೊಗರಿಗೆ, ಜೋಳಕ್ಕೆ ನುಗ್ಗುತ್ತಿದ್ದವು. ಬೇಸಿಗೆ ಬಂದರೆ ಬೆಂಕಿಯ ಭಯ ಬೇರೆ. ಯಾರೋ ಬೀಡಿ ಎಸೆದರೆ ಸಾಕು, ಮರಡಿಯೇ ಉರಿದು ಹೋಗುತ್ತದೆ.

ಅಲ್ಲಿನ ಉಸ್ತುವಾರಿ ಒಬ್ಬ ಹೆಣ್ಣುಮಗಳು, ಸಣ್ಣ ವಯಸ್ಸು. ನಾವು ಮೇಡಂ ಅನ್ನುತ್ತಿದ್ದೆವು. ನಾನು ಊರ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಕೂಲಿಗೆ ಹೋಗುವವಳು. ಮೇಡಂ ನನ್ನ ಮನೆಗೇ ಬಂದು ಹೇಳಿದಳು: "ಅಮ್ಮಾ, ಹುಲ್ಲು ಪೂರ್ತಿ ಕೊಯ್ಯಬಾರದು. ಪಟ್ಟಿಪಟ್ಟಿಯಾಗಿ ಅರ್ಧ ಕೊಯ್ದು ಅರ್ಧ ಬಿಡಬೇಕು. ಬುಡದಿಂದ ಒಂದು ಗೇಣು ನಿಲ್ಲಬೇಕು. ಒಳಗೆ ಇರೋ ಜೀವಕ್ಕೆ ಪೆಟ್ಟಾಗಬಾರದು. ಯಾವ ಯಂತ್ರ ಆಗುತ್ತೆ ಅಂತ ನೀವು ಕೆಲಸ ಮಾಡಿ ನೋಡಿ ಹೇಳಬೇಕು."

ಕುಡಗೋಲಿನಲ್ಲೇ ಕೊಯ್ಯಬಹುದಿತ್ತು. ಆದರೆ ಅದು ಹತ್ತಿ ಬಿಡಿಸುವ ಕಾಲ. ಅರ್ಧ ಗುಂಪು ಹತ್ತಿ ಹೊಲಕ್ಕೆ ಹೋಗಿತ್ತು. ಉಳಿದವರು ಕೈಯಲ್ಲಿ ಕೊಯ್ಯುತ್ತ ಕುಳಿತರೆ ಯುಗಾದಿ ದಾಟಿದರೂ ಮುಗಿಯುತ್ತಿರಲಿಲ್ಲ.

ಮನೆಯಲ್ಲಿ ಆಗ ನನ್ನ ಮಗಳು ಹೆರಿಗೆಗೆ ಬಂದಿದ್ದಳು. ಹಿಂದೆ ಒಂದು ಬಸಿರು ನಿಂತಿರಲಿಲ್ಲ. ಈ ಸಲ ತಿಂಗಳು ತುಂಬುತ್ತ ಬಂದಿತ್ತು, ಅವಳ ಎದೆಯಲ್ಲಿ ಅಂಜಿಕೆ ತುಂಬಿತ್ತು. ನಮ್ಮಲ್ಲಿ ಬಸುರಿಯ ಮನೆಯವರು ಹಾವು ಹೊಡೆಯುವುದಿಲ್ಲ, ಕೋಳಿಯನ್ನೂ ಕೊಯ್ಯುವುದಿಲ್ಲ. ಗಂಡನಂತೂ ಇರುವೆಯನ್ನೂ ನೋಡಿ ದಾಟಬೇಕು. "ಯವ್ವಾ, ಹುಲ್ಲಿನ ಕೆಲಸಕ್ಕ ಹೋಗು, ಬ್ಯಾಡನ್ನಂಗಿಲ್ಲ. ಆದ್ರ ಕೊಂದ ರಕ್ತ ಮನಿಗೆ ತರಬ್ಯಾಡ," ಎಂದಳು. ನಾನು ಇಂಥವನ್ನು ನಂಬುತ್ತೇನೋ ಬಿಡುತ್ತೇನೋ, ಅವಳು ನಂಬಿದ್ದಳು. ತಿಂಗಳು ತುಂಬಿದವಳು ಅಂಜಿದರೆ ಅನ್ನ ಬಿಡುತ್ತಾಳೆ, ನಿದ್ದೆ ಬಿಡುತ್ತಾಳೆ. ನನಗೆ ಅದರ ಚಿಂತೆ.

ಮೊದಲು ಬೆನ್ನಿಗೆ ಕಟ್ಟಿಕೊಳ್ಳುವ ಹುಲ್ಲಿನ ಮಷೀನು ತಂದರು. ಉದ್ದ ಕೋಲು, ತುದಿಯಲ್ಲಿ ಗರಗರ ತಿರುಗುವ ಪ್ಲಾಸ್ಟಿಕ್ ದಾರ. ಹಿತ್ತಲ ಹುಲ್ಲಿಗೆ ಅದು ಒಳ್ಳೆಯದೇ ಇರಬಹುದು. ಎದೆಯುದ್ದ ಕರಡದಲ್ಲಿ ಹುಲ್ಲು ಹರಿಯುವ ಬದಲು ಮಷೀನಿನ ಕುತ್ತಿಗೆಗೇ ಜಡೆ ಹಾಕಿದ ಹಾಗೆ ಸುತ್ತಿಕೊಂಡಿತು. ನಿಲ್ಲಿಸು, ಬಿಚ್ಚು, ಮತ್ತೆ ಹಚ್ಚು. ದಾರ ತುಂಡಾಗಿ ತುಂಡಾಗಿ ಹುಲ್ಲಿನಲ್ಲೇ ಬಿತ್ತು. ಅದನ್ನು ಯಾವ ಚಿಗರಿ ತಿನ್ನಬೇಕೋ ಎಂದು ಮೇಡಂ ಬಗ್ಗಿ ಬಗ್ಗಿ ಆರಿಸಿದಳು. ದಾರ ತೆಗೆದು ಕಬ್ಬಿಣದ ಬಿಲ್ಲೆ ಹಾಕಿದರು. ಮರಡಿಯ ನೆಲದಲ್ಲಿ ಗರಸು ಕಲ್ಲು ಎಷ್ಟಿರಬೇಡ! ಒಂದು ಕಲ್ಲು ಸಿಡಿದು ನಮ್ಮ ಗುಂಪಿನ ಗಟ್ಟಿಗಿತ್ತಿಯ ಮೊಣಕಾಲಿಗೆ ಬಡಿಯಿತು. ಅವಳು ಯಂತ್ರಕ್ಕೂ ಯಂತ್ರ ಮಾಡಿದವನಿಗೂ ಅವನ ಹೆತ್ತವರಿಗೂ ಸೇರಿಸಿ ಬೈದಳು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ರಾಯಚೂರಿನಿಂದ ಬಾಡಿಗೆಗೆ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಕಬ್ಬಿಣದ ದೊಡ್ಡ ಬುಟ್ಟಿ ಬೋರಲು ಹಾಕಿದ ಹಾಗೆ ಒಂದು ಯಂತ್ರ, ಒಳಗೆ ದಪ್ಪ ಬ್ಲೇಡುಗಳು ಗಿರಗಿರ ತಿರುಗುತ್ತವೆ. ಹುಲ್ಲಿರಲಿ ಕಂಟಿ ಇರಲಿ, ಸಿಕ್ಕಿದ್ದನ್ನು ಜಜ್ಜಿ ಹಿಂದೆ ಉಗುಳುತ್ತದೆ. ಟ್ರ್ಯಾಕ್ಟರಿನವನು ಬೀಗಿದ್ದೇ ಬೀಗಿದ್ದು: "ಸಂಜೀತನಕ ಬಯಲು ಮಾಡಿ ಕೊಡ್ತೀನಿ, ನೋಡ್ಕೊಂತ ನಿಂದರ್ರಿ."

ನಿಂತು ನೋಡಿದೆವು. ನಾನು ಬದಿಯಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದೆ, ಒಂದು ಗೇಣು ಬಿಡುತ್ತಿದೆಯೋ ಇಲ್ಲವೋ ನೋಡಲಿಕ್ಕೆ. ಹುಲ್ಲಿನ ಪುಡಿಯ ಜೊತೆ ಏನೋ ತಂಪಾದದ್ದು ಹಾರಿ ಬಂದು ನನ್ನ ತುಟಿಗೆ ಅಂಟಿತು. ಕೈಯಿಂದ ಒರೆಸಿ ನೋಡಿದೆ. ಕಪ್ಪೆಯ ಕಾಲು. ಬೆರಳು ಬೆರಳು ಬಿಡಿಯಾಗಿ ಕಾಣುತ್ತಿದ್ದವು. ನಾನು ಅಲ್ಲೇ ಕೂತು ವಾಂತಿ ಮಾಡಿಕೊಂಡೆ.

ಯಂತ್ರ ನಿಲ್ಲಿಸಿದೆವು. ಅದು ಹೋದ ಜಾಡಿನಲ್ಲಿ ನಡೆದರೆ ಹುಲ್ಲು ಕೊಯ್ದ ವಾಸನೆ ಇರಲಿಲ್ಲ, ಕಟುಕರ ಅಂಗಡಿಯ ಹಿಂದಿನ ಗಟಾರದ ವಾಸನೆ ಇತ್ತು. ಬುರ್ಲಿ ಹಕ್ಕಿಯ ಗೂಡು ಇದ್ದಲ್ಲಿ ಹಳದಿ ಲೋಳೆ, ಅದರಲ್ಲಿ ಪುಕ್ಕ. ಒಂದು ಕ್ಯಾರಿ ಹಾವು ಅಲ್ಲೊಂದು ಇಲ್ಲೊಂದು ತುಂಡಾಗಿ ಬಿದ್ದಿತ್ತು. ಪ್ರತಿ ತುಂಡೂ ತನ್ನಷ್ಟಕ್ಕೆ ಮಿಸುಕುತ್ತಿತ್ತು. ಬುಟ್ಟಿಯ ಹೊಟ್ಟೆ ಎತ್ತಿಸಿ ನೋಡಿದರೆ ಹಸಿ ಹುಲ್ಲು, ಮಣ್ಣು, ಕರುಳು ಕಲಸಿ ಹಸಿರು ಗಾರೆಯ ಹಾಗೆ ಮೆತ್ತಿಕೊಂಡಿತ್ತು. ನೊಣ ಆಗಲೇ ಬಂದಿದ್ದವು.

ಟ್ರ್ಯಾಕ್ಟರಿನವನು ಮುಖ ಸಿಂಡರಿಸಿದ. "ಯವ್ವಾ, ಹುಲ್ಲ ಕೊಯ್ಯಾಕ ಕರ್ದೀರೋ, ಕಪ್ಪಿ ಎಣಸಾಕ ಕರ್ದೀರೋ?"

"ನಿನ್ನ ಮಷೀನದ ಹೊಟ್ಟಿ ನೀನ ತೊಳಕೊಂಡು ಹೋಗಪ್ಪಾ," ಎಂದೆ. "ನಮ್ಮ ಹೆಣ್ಮಕ್ಕಳು ಅದನ್ನ ಮುಟ್ಟಂಗಿಲ್ಲ."

ಆ ಸಂಜೆ ಬಾವಿಕಟ್ಟೆಯಲ್ಲೇ ಸೀರೆ ನೆನೆಸಿ, ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದು ಮನೆಯೊಳಗೆ ಬಂದೆ. ಮಗಳು ರೊಟ್ಟಿ ಹಾಕಿಕೊಟ್ಟಳು. ಬೆರಳು ಬಾಯಿಗೆ ಹೋಗಲಿಲ್ಲ. ಕಪ್ಪೆಯ ಬೆರಳೇ ಕಣ್ಣ ಮುಂದೆ. ಅಂದಿನಿಂದ ನಾನು ಅಂಬಲಿ ಕುಡಿದು ಬದುಕಿದೆ, ಲೋಟ ಎತ್ತಿ ಗಂಟಲಿಗೆ ಸುರಿದುಕೊಂಡು, ಕೈ ತಾಗಿಸದೆ.

ಇಷ್ಟೆಲ್ಲ ಆಗುವಾಗ ನನ್ನ ಅಳಿಯ ಫೋನಿನಲ್ಲಿ ಕೇಳುತ್ತಿದ್ದ. ಅವನದು ಮಾನ್ವಿ ಕಡೆ ಹಿರೇಕೊಟ್ನೆಕಲ್, ಭತ್ತದ ನಾಡು. ಅವನ ಹತ್ತಿರ ಭತ್ತ ಕೊಯ್ಯುವ ಸಣ್ಣ ಯಂತ್ರವಿದೆ. ಹಿಂದಿನಿಂದ ಹಿಡಿದು ನಡೆಸುವಂಥದ್ದು. "ಅತ್ತಿ, ಅದು ಜಜ್ಜಂಗಿಲ್ಲ, ಕತ್ತರಸ್ತದ. ತಂದು ನೋಡ್ಲೇನ್ರಿ?" ಎಂದ. ಹೆಂಡತಿಯನ್ನು ನೋಡಲು ಇದೊಂದು ನೆವ ಎಂದು ನನಗೆ ಗೊತ್ತಾಯಿತು. ಆಗಲಿ, ಇದಕ್ಕಿಂತ ಒಳ್ಳೆಯ ನೆವ ಯಾವುದಿದೆ?

ಆ ಯಂತ್ರದ ಮುಂದೆ ಅಡ್ಡಕ್ಕೆ ಒಂದು ಪಟ್ಟಿ, ಅದರ ತುಂಬ ಮೊಸಳೆಯ ಬಾಯಿಯ ಹಾಗೆ ಹಲ್ಲು. ಒಂದು ಸಾಲು ಹಲ್ಲು ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಆಚೆ ಈಚೆ ಓಡಾಡುತ್ತದೆ. ದರ್ಜಿಯ ಕತ್ತರಿಯ ಹಾಗೆ ಕಚಕಚ ಕತ್ತರಿಸಿ, ಕೊಯ್ದದ್ದನ್ನು ಒಂದು ಬದಿಗೆ ನೀಟಾಗಿ ಮಲಗಿಸುತ್ತದೆ. ಆದರೆ ಭತ್ತದ ಯಂತ್ರ ನೆಲಕ್ಕೆ ಹತ್ತಿಯೇ ಕೊಯ್ಯುವುದು. ನಮಗೆ ಗೇಣು ಎತ್ತರ ಬೇಕು. ಮಾನ್ವಿಯ ವೆಲ್ಡಿಂಗ್ ಅಂಗಡಿಯಲ್ಲಿ ಅಳಿಯ ಪಟ್ಟಿಯ ಎರಡೂ ತುದಿಗೆ ಬಾಗಿದ ಕಬ್ಬಿಣದ ಪಾದ ಹಚ್ಚಿಸಿದ. ಪಾದ ನೆಲದ ಮೇಲೆ ಜಾರುತ್ತದೆ, ಹಲ್ಲು ಎತ್ತರದಲ್ಲಿ ಉಳಿಯುತ್ತದೆ. ಮೊದಲನೇ ಸಲ ಹಚ್ಚಿದ ಪಾದ ಕಲ್ಲಿಗೆ ತಾಗಿ ಮುರಿಯಿತು. ಮತ್ತೆ ಮಾನ್ವಿಗೆ ಹೋಗಿ ದಪ್ಪದ್ದು ಹಚ್ಚಿಸಿ ತಂದ. ಜೋರಾಗಿ ನಡೆಸಿದರೆ ಒಣ ಕರಡ ಬಾಗಿ ಹಲ್ಲಿನ ಕೆಳಗೆ ನುಸುಳಿಕೊಳ್ಳುತ್ತಿತ್ತು, ಎತ್ತು ನಡೆದ ಹಾಗೆ ನಿಧಾನ ನಡೆಸಿದರೆ ಕೇಳುತ್ತಿತ್ತು. ಇಬ್ಬನಿ ಆರುವ ಮುಂಚೆ ಹುಲ್ಲು ಮೆತ್ತಗಿದ್ದು ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಸಿಲು ಏರಿದ ಮೇಲೆಯೇ ಶುರು ಮಾಡಬೇಕೆಂದು ಕಲಿತೆವು.

ಮೇಡಂ ಇನ್ನೊಂದು ಹೇಳಿದಳು: ಯಂತ್ರದ ಮುಂದೆ ಸಪ್ಪಳ ಹೋಗಬೇಕು. ನಾವು ಹೊಲಕ್ಕೆ ಹಂದಿ ಬರದ ಹಾಗೆ ಕಟ್ಟುವಂತೆ ಉದ್ದ ಹಗ್ಗಕ್ಕೆ ಹಳೆಯ ಸೀರೆಯ ಚೂರು, ಖಾಲಿ ಡಬ್ಬಿ ಕಟ್ಟಿದೆವು. ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಎಳೆಯುತ್ತ ಮುಂದೆ, ಯಂತ್ರ ಹಿಂದೆ.

ಮೊದಲು ಒಂದು ಬದಿಯ ಅಗಲವಾದ ಪಟ್ಟಿ ಆರಿಸಿಕೊಂಡೆವು. ಕೊಯ್ಲು ಶುರುವಾಗುವ ದಿನ ನಮ್ಮ ಪದ್ಧತಿಯ ಪ್ರಕಾರ ಅದರ ಬದುವಿನಲ್ಲಿ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಪಾಂಡವರೆಂದು ಇಟ್ಟು ಪೂಜೆ ಮಾಡಿದೆವು. ನಮ್ಮ ಕಡೆ ಯಾವ ಹೊಲವಾದರೂ ಹೀಗೆಯೇ. ಕಲ್ಲಿನ ಹತ್ತಿರ ಮೊದಲ ಹಿಡಿ ಕೊಯ್ಯಬೇಕು, ಆಮೇಲೆ ಬದುವಿನ ಗುಂಟ ಬಲಕ್ಕೆ ಸುತ್ತು ಹಾಕುತ್ತ ಹಾಕುತ್ತ ಒಳಗೆ ಹೋಗಬೇಕು. ಅಜ್ಜ ಮುತ್ತಜ್ಜ ಮಾಡಿದ್ದು. ಯಾರೂ ಯಾಕೆ ಎಂದು ಕೇಳಿಲ್ಲ. ನಾನೂ ಕೇಳಲಿಲ್ಲ.

ಕೊಯ್ಲು ಚಂದ ಸಾಗಿತು. ಒಂದು ಹನಿ ರಕ್ತವಿಲ್ಲ. ಬಸುರಿಯ ಗಂಡ ಹಲ್ಲಿನ ಮೇಲೆಯೇ ಕಣ್ಣಿಟ್ಟು ನಡೆಯುತ್ತಿದ್ದ. ಕೊಯ್ದ ಹುಲ್ಲು ಸಾಲುಸಾಲಾಗಿ ಮಲಗಿದ್ದು ನೋಡಿ ಗಟ್ಟಿಗಿತ್ತಿ, "ನಿನ್ನ ಅಳಿಯ ಹುಲ್ಲಿಗೆ ಕ್ಷೌರ ಮಾಡ್ಯಾನ, ನನ್ನ ಗಂಡಗೂ ಒಮ್ಮಿ ಮಾಡಂತ ಹೇಳ," ಎಂದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಪಟ್ಟಿಯ ನಡುವೆ ಒಂದು ಮನೆಯಷ್ಟು ಹುಲ್ಲು ಉಳಿಯಿತು.

ಆಗ ನೋಡಿದೆ, ರಸ್ತೆ ಕಡೆಯಿಂದ ಗಂಡಸರು ಬಂದು ಕೂತಿದ್ದರು. ಕೈಯಲ್ಲಿ ಬಡಿಗೆ, ಹೆಗಲಲ್ಲಿ ಗೋಣಿಚೀಲ, ಕಾಲಬಳಿ ನಾಯಿ. ಜೊಲ್ಲು ನಾಯಿಯದ್ದೂ ಇತ್ತು, ಅವರದ್ದೂ ಇತ್ತು.

"ಯಾಕ ಕುಂತೀರಿ?" ಎಂದೆ.

"ಕಡೀಗೆ ಉಳಿಯೋ ಮಡಿಗೆ ಬಂದೀವಬೇ. ಮೊಲ, ಹಕ್ಕಿ ಎಲ್ಲಾ ಒಳಗ ಕೂಡಿರ್ತಾವಲ್ಲ. ನೀವು ಕೊಯ್ರಿ, ಉಳದದ್ದು ನಾವು ನೋಡ್ಕೊಂತೀವಿ."

ಆಗ ನನಗೆ ತಿಳಿಯಿತು. ಸುತ್ತಿನಿಂದ ಒಳಕ್ಕೆ ಕೊಯ್ದುಕೊಂಡು ಬಂದು, ಡಬ್ಬಿ ಬಾರಿಸಿ, ಆ ಪಟ್ಟಿಯ ಜೀವವನ್ನೆಲ್ಲ ನಾವೇ ಆ ಒಂದು ತುಂಡಿಗೆ ತುಂಬಿದ್ದೆವು. ಹುಲ್ಲಿನೊಳಗೆ ಸರಸರ ಸಪ್ಪಳ. ದೂರದ ಬೋಳು ನೆಲದಲ್ಲಿ ಒಂದು ಹೆಣ್ಣು ಚಿಗರಿ ನಿಂತಿತ್ತು. ಓಡುತ್ತಿಲ್ಲ, ಹತ್ತಿರವೂ ಬರುತ್ತಿಲ್ಲ. "ಇದರ ಮರಿ ಒಳಗಿದೆ," ಎಂದಳು ಮೇಡಂ. "ಮರಿ ಓಡಲ್ಲಮ್ಮ, ತಾಯಿ ಮಲಗಿಸಿದಲ್ಲೇ ಉಸಿರು ಬಿಗಿಹಿಡಿದು ಮಲಗಿರುತ್ತೆ. ಎಷ್ಟು ಸಪ್ಪಳ ಮಾಡಿದರೂ ಏಳಲ್ಲ."

ಅಳಿಯ ಯಂತ್ರ ಬಂದ್ ಮಾಡಿದ. ಅಷ್ಟರಲ್ಲಿ ಒಂದು ಮೊಲ ಹೊರಗೆ ಹಾರಿತು. ಎಲ್ಲಿ ಹೋದೀತು? ನಾಲ್ಕೂ ಕಡೆ ಬೋಳು. ನಾಯಿ ಹಿಡಿಯಿತು. ಒಬ್ಬ ಅದನ್ನು ಕಿವಿ ಹಿಡಿದು ಎತ್ತಿದ. ಹೊಟ್ಟೆ ಹರಿದು ಒಳಗಿನ ಮರಿಗಳು, ಇನ್ನೂ ಕಣ್ಣು ಮೂಡದವು, ಬಳುಕುತ್ತ ಜೋತಾಡುತ್ತಿದ್ದವು. ಅವನು ನಕ್ಕ. "ಮನ್ಯಾಗ ಬಸುರಿ ಅದಾಳಂತಲ್ಲ, ಒಯ್ಯಬೇ. ಸಾರು ಮಾಡಿ ಕುಡಸು, ಗಟ್ಟಿ ಆಗ್ತಾಳ."

ನಾನು ಮನುಷ್ಯರ ಮೇಲೆ ಅಷ್ಟು ಹೇಸಿಕೊಂಡದ್ದು ಬೇರೆ ಯಾವತ್ತೂ ಇಲ್ಲ. ಕೈಗೆ ಸಿಕ್ಕ ಡಬ್ಬಿಯ ಹಗ್ಗವನ್ನೇ ಅವನ ಮೇಲೆ ಬೀಸಿದೆ. "ಥೂ! ನಿನ್ನವ್ವ ನಿನ್ನ ಹೊಟ್ಟ್ಯಾಗ ಇಟ್ಕೊಂಡಾಗ ಯಾರರ ಹಿಂಗ ಎತ್ತಿ ಹಿಡದಿದ್ರ ನೀ ಎಲ್ಲಿರ್ತಿದ್ದಿ? ನಡೀರಲೇ ಇಲ್ಲಿಂದ!" ಹೆಂಗಸರೆಲ್ಲ ಕುಡಗೋಲು ಹಿಡಿದು ನನ್ನ ಹಿಂದೆ ನಿಂತರು. ಮೇಡಂ ಕಾವಲಿನವರನ್ನು ಕರೆಸಿದಳು. ಗಂಡಸರು ಗೊಣಗುತ್ತ ರಸ್ತೆಗೆ ಹೋದರು. ಆ ತುಂಡು ಹುಲ್ಲು ಕೊಯ್ಯದೆ ಹಾಗೇ ಬಿಟ್ಟು ದೂರ ಸರಿದು ಕೂತೆವು. ಹೊತ್ತು ಇಳಿಯುವಾಗ ತಾಯಿ ಚಿಗರಿ ಬಂದು ಮರಿ ಕರೆದುಕೊಂಡು ಹೋಯಿತು.

ಮನೆಯ ಬಾಗಿಲಲ್ಲೇ ಮಗಳು ಕೇಳಿದಳು: "ರಕ್ತ ಹತ್ತೇತೇನು?"

"ಮಷೀನಕ್ಕ ಹತ್ತಿಲ್ಲ," ಎಂದ ಅಳಿಯ. ಆಮೇಲೆ ಸುಳ್ಳಾಡಲಾಗದೆ ಮೊಲದ ಸುದ್ದಿ ಹೇಳಿಬಿಟ್ಟ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದಳು. ಆ ಸಂಜೆ ನಾನೊಬ್ಬಳೇ ಅಲ್ಲ, ಅವಳೂ ಉಣ್ಣಲಿಲ್ಲ.

ಮರುದಿನ ಮೇಡಂ ಕೇಳಿದಳು, "ನಡುವಿನಿಂದ ಶುರು ಮಾಡಿ ಹೊರಗೆ ಕೊಯ್ದುಕೊಂಡು ಬಂದರೆ? ಒಳಗಿನವು ಹೊರಗಿನ ಹುಲ್ಲಿಗೆ ಹೋಗುತ್ತವೆ. ಅಂಚಿನ ಪಟ್ಟಿ ಹೇಗೂ ಬಿಡ್ತೀವಿ." ನನಗೆ ಅದು ಸರಿ ಅನ್ನಿಸಿತು. ಹೆಂಗಸರು ಒಪ್ಪಲಿಲ್ಲ.

"ಪಾಂಡವರಿಗೆ ಬೆನ್ನು ಮಾಡಿ ಕೊಯ್ಲು ಶುರು ಮಾಡ್ತಿಯೇನ್ ಯಕ್ಕಾ?" ಎಂದಳು ಗಟ್ಟಿಗಿತ್ತಿ. "ನಾ ಬರಂಗಿಲ್ಲ. ಮನ್ಯಾಗ ತುಂಬಿದ ಬಸುರಿ ಇಟ್ಕೊಂಡು ನಿನಗ ಇಂಥ ಬುದ್ಧಿ ಯಾಕ ಬಂತು?"

ಅತ್ತ ಪಾಂಡವರು, ಇತ್ತ ಮೊಲ. ಯಾವುದು ಬಿಟ್ಟರೂ ನನ್ನ ಮಗಳ ಹೊಟ್ಟೆಗೇ ಬಂದು ನಿಲ್ಲುತ್ತಿತ್ತು. ಕೆಲಸ ಬಿಟ್ಟುಬಿಡೋಣ ಎಂದರೆ ಮತ್ತೆ ಆ ರಾಯಚೂರಿನ ಬುಟ್ಟಿಯೇ ಬರುತ್ತದೆ, ಬೇರೆ ದಾರಿ ಇಲ್ಲ. ಮನೆಗೆ ಬಂದು ಮಗಳ ಮುಂದೆ ಹೇಳಿದೆ. ಅವಳು, "ಯವ್ವಾ, ಆ ಐದು ಕಲ್ಲು ಎಲ್ಲಿಂದ ತಂದ್ರಿ?" ಎಂದಳು.

"ಅಲ್ಲೇ ಹೊಲದಾಗ ಆರಿಸಿದ್ವಿ."

"ಬದುವಿನ್ಯಾಗ ಯಾರು ಇಟ್ರು?"

"ನಾವ ಇಟ್ವಿ."

"ಹಂಗಾರ ನಡುವ ಇಡ್ರಿ. ಅವರೇನು ಹುಟ್ಟಿದಾಗಿಂದ ಬದುವಿನ್ಯಾಗ ಕುಂತಾರೇನು? ವನವಾಸ ಮಾಡಿದೋರು. ಹುಲ್ಲಿನ ನಡುವ ಕುಂದರೂದು ಅವರಿಗೇನು ಹೊಸದಲ್ಲ."

ನಾನು ನಕ್ಕದ್ದು ಎಷ್ಟು ದಿನದ ಮೇಲೋ. ಗಟ್ಟಿಗಿತ್ತಿಗೆ ಹೋಗಿ ಅದನ್ನೇ ಹೇಳಿದೆ. ಅವಳು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, "ಸುಣ್ಣ ಹೊಸದು ಹಚ್ಚಬೇಕು ಮತ್ತ," ಎಂದಳು. ಒಪ್ಪಿದ ಹಾಗಾಯಿತು.

ಹಳೆಯ ಬಂಡಿಜಾಡು ಹಿಡಿದು, ಹಲ್ಲು ಓಡಿಸದೆ, ಯಂತ್ರವನ್ನು ಇನ್ನೂ ಕೊಯ್ಯದ ಮುಂದಿನ ಪಟ್ಟಿಯ ನಟ್ಟನಡುವೆ ಒಯ್ದೆವು. ಅಲ್ಲೇ ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ, ಕಾಯಿ ಒಡೆದೆವು. ಮೊದಲ ಹಿಡಿ ನಾನೇ ಕೊಯ್ದೆ. ಆಮೇಲೆ ಕಲ್ಲಿನ ಸುತ್ತ ಬಲಕ್ಕೆ ಸುತ್ತು, ಪ್ರತಿ ಸುತ್ತೂ ಹೊರಗೆ ಹೊರಗೆ. ಹಗ್ಗದ ಮುಂದೆ ಇನ್ನಿಬ್ಬರು ಹೆಂಗಸರು ಕೋಲಿನಿಂದ ಹುಲ್ಲು ಸರಿಸಿ ನೋಡುತ್ತ ನಡೆದರು, ಏಳದೆ ಮಲಗಿದ ಮರಿಗಾಗಿ. ಕೌಜುಗ ಹಕ್ಕಿಗಳು ಎದ್ದು ಹೊರಗಿನ ಹುಲ್ಲಿಗೆ ಹೋದವು. ಹಾವು ಹೋಯಿತು. ಉಡ ನಮ್ಮನ್ನೇ ಬೈಯುವ ಹಾಗೆ ನೋಡಿ ಹೋಯಿತು. ರಸ್ತೆಯಲ್ಲಿ ಬಡಿಗೆಯವರು ಮತ್ತೆ ಬಂದು ಕೂತಿದ್ದರು. ಕಡೆಯ ಮಡಿ ಎಂಬುದೇ ಇಲ್ಲ, ಏನು ಹಿಡಿಯುತ್ತಾರೆ? ನಾಯಿಗೆ ಆಕಳಿಕೆ ಬಂತು. ಎದ್ದು ಹೋದರು.

ಒಂದು ಕಡೆ ಕೋಲಿನವಳು ಕೈ ಎತ್ತಿದಳು. ಅಳಿಯ ಯಂತ್ರ ನಿಲ್ಲಿಸಿ ಓಡಿ ಬಂದ. ಹುಲ್ಲಿನ ಗುಳಿಯಲ್ಲಿ ಚಿಗರಿಯ ಮರಿ, ಒಣ ಎಲೆಯ ಬಣ್ಣದ್ದು, ಕಿವಿ ಬೆನ್ನಿಗೆ ಹಚ್ಚಿ ಮಲಗಿತ್ತು. ಮೂಗು ಮಾತ್ರ ಅದುರುತ್ತಿತ್ತು. "ಮುಟ್ಟಬ್ಯಾಡ್ರಿ," ಎಂದ ಅಳಿಯ, ಯಾರೂ ಮುಟ್ಟುತ್ತಿರಲಿಲ್ಲವಾದರೂ. ಅದರ ಸುತ್ತ ಮಾರು ಹುಲ್ಲು ಬಿಟ್ಟು, ಬಳಸಿ ಮುಂದೆ ಹೋದೆವು. ಅವನು ತಿರುಗಿ ತಿರುಗಿ ನೋಡುತ್ತಿದ್ದ.

ಹೀಗೆಯೇ ಪಟ್ಟಿಪಟ್ಟಿಯಾಗಿ ಕೊಯ್ದು ಮುಗಿಸಿದೆವು. ಕಡೆಯ ಸುತ್ತು ಆದ ದಿನವೇ ಮನೆಯಿಂದ ಫೋನು, ಮಗಳಿಗೆ ನೋವು ಶುರುವಾಗಿದೆ ಎಂದು. ಊಬು ಅಂಟಿದ ಸೀರೆಯಲ್ಲೇ ಅಳಿಯನ ಜೊತೆ ಗಾಡಿ ಹತ್ತಿ ಮಗಳನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಮರುದಿನ ಬೆಳಗ್ಗೆ ಕೂಸು ಬಂತು. ಅಳಿಯ ಹೆಂಡತಿಗೆ ಹೇಳಿದ ಮೊದಲ ಮಾತು, "ಹತ್ತಿಲ್ಲ ನೋಡು, ಒಂದು ಹನೀನೂ ಹತ್ತಿಲ್ಲ." ಅವಳು ದಣಿದವಳು, "ಗೊತ್ತದ, ಕೂಸು ಹೇಳ್ಯಾಳ," ಎಂದಳು.

ಸಂಜೆ ಹಿರೇಕೊಟ್ನೆಕಲ್‌ನಿಂದ ಬೀಗರು ಬುತ್ತಿ ಕಟ್ಟಿಕೊಂಡು ಬಂದರು. ಮಗಳ ಮಂಚದ ಹತ್ತಿರವೇ ನೆಲಕ್ಕೆ ಚಾಪೆ ಹಾಸಿ ಎಲ್ಲರೂ ಕೂತೆವು. ಅವಳು ಮಂಚದ ಮೇಲೆ ಮೆತ್ತಗಿನ ಅನ್ನ ಉಣ್ಣುತ್ತಿದ್ದಳು, ಕೂಸು ಪಕ್ಕದಲ್ಲಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಬೀಗತಿ ನನ್ನ ಮುಂದೆ ಲೋಟ ಇಟ್ಟು, "ನಿಮಗ ಅಂಬಲೀನ ತಂದೀನಿ. ಕೈಲೆ ಉಣ್ಣಂಗಿಲ್ಲಂತಲ್ಲ, ರಾಣಿಯೋರು," ಎಂದು ಕೆಣಕಿದಳು.

ನಾನು ಕೈ ನೋಡಿಕೊಂಡೆ. ಕೂಸನ್ನು ಎತ್ತಿ ಎತ್ತಿ ಇಟ್ಟ ಕೈ, ಅದಕ್ಕೆ ಹಚ್ಚಿದ ಎಣ್ಣೆ ಇನ್ನೂ ಬೆರಳಲ್ಲಿತ್ತು. ಲೋಟ ಆಚೆ ಸರಿಸಿದೆ. ರೊಟ್ಟಿ ಮುರಿದು, ಪಲ್ಯ ಎಳೆದು, ತುತ್ತು ಮಾಡಿ ಬಾಯಿಗಿಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಗಿದೆ, ನುಂಗಿದೆ.

"ಬೀಗತಿ," ಎಂದೆ, "ಹಿಂಡಿ ಈ ಕಡಿ ಕೊಡ್ರಿ. ಮತ್ತ ಇನ್ನೊಂದು ರೊಟ್ಟಿ ಹಾಕ್ರಿ."